ಐದೂವರೆಯ ಸಂದು

ಕ್ರಿಕೆಟ್ ನೋಡಿ ಬೆಳೆದ ನನಗೆ ಬೇಸ್‌ಬಾಲಿನ ಲೆಕ್ಕ ತಲೆಗೆ ಹತ್ತಲು ವರ್ಷಗಳೇ ಬೇಕಾದವು. ಹತ್ತು ಸಲ ಆಡಲಿಳಿದು ಏಳು ಸಲ ಔಟಾದವನೂ ಅಲ್ಲಿ ಒಳ್ಳೆಯ ಬ್ಯಾಟರ್! ಹದಿನೆಂಟು ಮೀಟರ್ ಆಚೆಯಿಂದ ಹೊರಟ ಚೆಂಡು ಅರ್ಧ ಸೆಕೆಂಡಿನೊಳಗೆ ಬಂದುಬಿಡುತ್ತದೆ. ಕೈಯಲ್ಲಿರುವುದು ದುಂಡನೆಯ ಕೋಲು.

ನನ್ನ ಮೆಚ್ಚಿನವನು ಟೋನಿ ಗ್ವಿನ್. 1982ರಿಂದ 2001ರವರೆಗೆ ಇಪ್ಪತ್ತು ಸೀಸನ್, ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ಬಿಟ್ಟು ಬೇರೆ ತಂಡದ ಅಂಗಿ ತೊಡಲಿಲ್ಲ. 3,141 ಹಿಟ್, ಸರಾಸರಿ .338, ಅಂದರೆ ಸಾವಿರಕ್ಕೆ 338. ಎಂಟು ಸಲ ಲೀಗಿನ ಬ್ಯಾಟಿಂಗ್ ಕಿರೀಟ.

ಹಳೆಯ ವಿಡಿಯೊ ನೋಡಿ: ಎಡಗೈ ಬ್ಯಾಟರ್, ಚೆಂಡು ತೀರ ಹತ್ತಿರ ಬರುವ ತನಕ ಕಾಯುತ್ತಾನೆ. ಮಣಿಕಟ್ಟು ತಿರುಗುತ್ತದೆ. ಮೂರನೇ ಬೇಸ್ ಕಾಯುವವನಿಗೂ ಅವನ ಪಕ್ಕದ ಫೀಲ್ಡರ್ ಶಾರ್ಟ್‌ಸ್ಟಾಪ್‌ಗೂ ನಡುವಿನ ಸಂದಿನಲ್ಲಿ ಚೆಂಡು ನುಸುಳಿ ಹೋಗುತ್ತದೆ. ಆ ಇಬ್ಬರ ಸ್ಥಾನಗಳಿಗೆ ಅಂಕಪಟ್ಟಿಯಲ್ಲಿ 5 ಮತ್ತು 6 ಎಂಬ ಸಂಖ್ಯೆ. ಹಾಗಾಗಿ ಗ್ವಿನ್‌ಗೆ ಅದು ‘ಐದೂವರೆ’. ತನ್ನ ಪ್ರತಿ ಆಟವನ್ನೂ ಟೇಪಿನಲ್ಲಿ ಹಿಡಿಸಿ, ಹಿಂದೆ ಮುಂದೆ ಓಡಿಸಿ ತಪ್ಪು ಹುಡುಕುತ್ತಿದ್ದ. ಅದೂ ಎಂಬತ್ತರ ದಶಕದಲ್ಲೇ.

1994ರಲ್ಲಿ ಆತನ ಸರಾಸರಿ .394. ದಂತಕಥೆಯಂಥ .400 ಕೈಯಳತೆಯಲ್ಲೇ ಇತ್ತು. ಆಗಸ್ಟ್‌ನಲ್ಲಿ ಆಟಗಾರರ ಮುಷ್ಕರ ಶುರುವಾಯಿತು. ಸೀಸನ್ ಅಲ್ಲಿಗೇ ನಿಂತಿತು. ತಂಡಕ್ಕೆ ಇನ್ನೂ 45 ಪಂದ್ಯ ಬಾಕಿಯಿದ್ದವು. ನೆನೆದರೆ ಇವತ್ತಿಗೂ ನನ್ನ ಕರುಳು ಚುರ್ರೆನ್ನುತ್ತದೆ.