ಕ್ಷಯವೋ, ಕ್ರೋನ್ಸ್ ಕಾಯಿಲೆಯೋ?

ತಿಂಗಳುಗಟ್ಟಲೆ ಹೊಟ್ಟೆನೋವು, ಭೇದಿ, ಇಳಿಯುತ್ತಲೇ ಹೋಗುವ ತೂಕ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರುವ ಕಾರ್ಮಿಕರಿರಲಿ, ವಿಜಯನಗರದ ಗೃಹಿಣಿಯಿರಲಿ, ಕೊಲೊನೋಸ್ಕೋಪಿಯಲ್ಲಿ ಹುಣ್ಣು ಕಂಡ ಮೇಲೂ ಕಾಯಿಲೆಯ ಹೆಸರು ತಿಳಿಯದಿರಬಹುದು.

ಕರುಳಿನ ಕ್ಷಯ ಮತ್ತು 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಹಾಗೂ ಸಂಗಡಿಗರು ವಿವರಿಸಿದ ಕ್ರೋನ್ಸ್ ಕಾಯಿಲೆ, ಎರಡೂ ಹೆಚ್ಚಾಗಿ ಸಣ್ಣಕರುಳು ದೊಡ್ಡಕರುಳನ್ನು ಕೂಡುವ ಜಾಗವನ್ನೇ ಹಿಡಿಯುತ್ತವೆ. ಬಯಾಪ್ಸಿಯಲ್ಲೂ ಕ್ಷಯಾಣು ಅನೇಕ ಸಲ ಸಿಗದು. ಊಹೆ ತಪ್ಪಿದರೆ ಅಪಾಯ: ಕ್ರೋನ್ಸ್‌ಗೆ ಕೊಡುವ ಸ್ಟಿರಾಯ್ಡ್ ಕ್ಷಯವನ್ನು ಕೆರಳಿಸಬಲ್ಲದು.

ಹಾಗಾಗಿ ಸಂದೇಹವಿದ್ದಾಗ ವೈದ್ಯರು ಹಲವು ಸಲ ಕ್ಷಯದ ಔಷಧವನ್ನೇ ಮೊದಲು ಕೊಟ್ಟು, ಕೆಲವು ತಿಂಗಳ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡುತ್ತಾರೆ. ನೋವು ತಗ್ಗಿದರಷ್ಟೇ ಸಾಲದು, ಹುಣ್ಣು ಮಾಗಿರಬೇಕು. ರೋಗಿಗೆ ನಿಜಕ್ಕೂ ಕಠಿಣವಾದದ್ದು ಈ ಕಾಯುವ ಕಾಲ. ಸರ್ಕಾರಿ ಕೇಂದ್ರಗಳಲ್ಲಿ ಕ್ಷಯದ ಮಾತ್ರೆ ಉಚಿತ. ಹುಣ್ಣು ಮಾಗದಿದ್ದರೆ ಚಿಕಿತ್ಸೆ ಕ್ರೋನ್ಸ್ ಕಡೆಗೆ ಹೊರಳುತ್ತದೆ.