ಚಕ್ರ ಜಾರದಿದ್ದರೆ ಕ್ಲಚ್ ಜಾರುತ್ತದೆ

ಮೊಬೈಲ್ ಗೇಮ್‌ನಲ್ಲಿ ಸುಬಾರು ಇಂಪ್ರೆಝಾ, ಮಿತ್ಸುಬಿಷಿ ಲ್ಯಾನ್ಸರ್ ಇವೊ ಓಡಿಸದ ಹುಡುಗ ನಮ್ಮ ಮೆಕ್ಯಾನಿಕಲ್ ಕ್ಲಾಸಿನಲ್ಲಿ ಇಲ್ಲವೇ ಇಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಕೆಸರು ಚಿಮ್ಮಿಸುತ್ತಾ ನುಗ್ಗುವುದನ್ನು ನೋಡುವುದೇ ಒಂದು ಖುಷಿ. ಆದರೆ ಅಂಥ ಕಾರುಗಳ ಕ್ಲಚ್ ಯಾಕೆ ಬೇಗ ಸುಡುತ್ತದೆ ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತೇವೆ. ನನಗೆ ಉತ್ತರ ಸಿಕ್ಕಿದ್ದು ಹರಿಹರದ ಮಾವನ ಮನೆಯ ಅಂಗಳದಲ್ಲಿ, ಹಳೆಯ ಮಾರುತಿ ಜಿಪ್ಸಿಯ ಕೆಳಗೆ.

ಇಂಪ್ರೆಝಾ ನಮ್ಮೂರಲ್ಲಿ ಎಲ್ಲಿಂದ ಬರಬೇಕು? ನಮ್ಮ ದೇಶದ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿದ್ದು ಜಿಪ್ಸಿಯೇ. 1985ರಲ್ಲಿ ಬಂದ ಈ ಗಾಡಿ ಸೇನೆಯಲ್ಲೂ ಪೊಲೀಸ್ ಇಲಾಖೆಯಲ್ಲೂ ದುಡಿದಿದೆ. ಮಾವನದು 1298 ಸಿಸಿ ಪೆಟ್ರೋಲ್ ಎಂಜಿನ್ನಿನದು. ಮಳೆಗಾಲದಲ್ಲಿ ಭತ್ತದ ಗದ್ದೆಗೆ ಹೋಗಲು ಅವರಿಗೆ ಅದೇ ದಿಕ್ಕು. ಈ ಸಲ ಏರಿನಲ್ಲಿ ಎಕ್ಸಲೇಟರ್ ತುಳಿದರೆ ಸದ್ದು ಮಾತ್ರ ಏರುತ್ತಿತ್ತು, ಗಾಡಿ ಏರುತ್ತಿರಲಿಲ್ಲ. ಸುಟ್ಟ ವಾಸನೆ ಬೇರೆ. ಗ್ಯಾರೇಜಿನಲ್ಲಿ ಹೇಳಿದ ಮೊತ್ತ ನನ್ನ ಒಂದು ಸೆಮಿಸ್ಟರಿನ ಹಾಸ್ಟೆಲ್ ಖರ್ಚಿನಷ್ಟಿತ್ತು. ‘ಗುಜರಿಗೆ ಹಾಕಿಬಿಡ್ತೀನಿ ಅಳಿಯಾ’ ಅಂದರು ಮಾವ. ಪರೀಕ್ಷೆ ಮುಗಿದು ರಜೆ ಇತ್ತು. ಒಂದು ವಾರ ಕೊಡಿ ಮಾವ ಅಂದೆ.

ಕ್ಲಚ್ ಸುಡುವ ಗುಟ್ಟು ಇಷ್ಟೇ. ಎರಡು ಚಕ್ರ ಮಾತ್ರ ಎಳೆಯುವ ಗಾಡಿಯನ್ನು ಕೆಸರಿನಲ್ಲಿ ಜೋರಾಗಿ ಎಬ್ಬಿಸಿದರೆ ಟೈರ್ ಗಿರಗಿರ ತಿರುಗಿ ಹೆಚ್ಚಿನ ಶಕ್ತಿ ಅಲ್ಲೇ ಕಳೆದುಹೋಗುತ್ತದೆ. ನಾಲ್ಕೂ ಚಕ್ರ ನೆಲ ಕಚ್ಚಿ ಹಿಡಿದರೆ ಟೈರ್ ಅಷ್ಟು ಸುಲಭವಾಗಿ ಜಾರುವುದಿಲ್ಲ. ಆಗ ಜಾರಬೇಕಾದದ್ದು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕ್ಲಚ್ ಪ್ಲೇಟ್. ಆ ಶಕ್ತಿಯೆಲ್ಲ ಅಲ್ಲಿ ಶಾಖವಾಗುತ್ತದೆ. ಎಂಜಿನ್ ಭರ್ರೆನಿಸಿ ಕ್ಲಚ್ ಬಿಟ್ಟು ಹೊರಡುವ ರ‍್ಯಾಲಿ ಕಾರಿಗೆ ಆಗುವುದೂ ಇದೇ, ಹಾಫ್ ಕ್ಲಚ್ಚಿನಲ್ಲಿ ಗದ್ದೆ ದಾಟುವ ಜಿಪ್ಸಿಗೆ ಆಗುವುದೂ ಇದೇ. ಜಿಪ್ಸಿಯಲ್ಲಿ ಇದಕ್ಕೆಂದೇ ಲೋ ರೇಂಜ್ ಗೇರ್ ಇದೆ. ಮಾವ ಅದರ ಲಿವರ್ ಮುಟ್ಟಿದ್ದೇ ಅಪರೂಪ.

ಇಂಪ್ರೆಝಾದಲ್ಲಿ ಗೇರ್‌ಬಾಕ್ಸ್, ಮುಂದಿನ ಡಿಫರೆನ್ಷಿಯಲ್, ನಡುವಿನ ಡಿಫರೆನ್ಷಿಯಲ್ ಎಲ್ಲ ಒಂದೇ ಭಾರದ ಪೆಟ್ಟಿಗೆಯಲ್ಲಿವೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಬೇರೆಯೇ ಕೂತಿದ್ದು, ಗೇರ್‌ಬಾಕ್ಸಿಗೂ ಅದಕ್ಕೂ ನಡುವೆ ಗಿಡ್ಡ ಶಾಫ್ಟ್ ಒಂದಿದೆ. ಅದನ್ನು ಬಿಚ್ಚಿದರೆ ಗೇರ್‌ಬಾಕ್ಸ್ ಮಾತ್ರ ಕೆಳಗಿಳಿಸಬಹುದು. ಮನೆಯಲ್ಲಿ ಕೈಹಾಕುವ ಧೈರ್ಯ ಬಂದದ್ದು ಅದರಿಂದ.

ಬೀದಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಅಣ್ಣ ಮೊದಲ ದಿನವೇ ಒಂದು ಷರತ್ತು ಹಾಕಿದರು: ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಹೋಗಬಾರದು. ನಾಲ್ಕು ಗಟ್ಟಿ ಸ್ಟ್ಯಾಂಡ್ ಬಾಡಿಗೆಗೆ ತಂದೆವು. ಬ್ಯಾಟರಿ ವೈರ್ ತೆಗೆದು, ಶಾಫ್ಟ್‌ಗಳ ಜೋಡಣೆಗೆ ಪೇಂಟಿನಲ್ಲಿ ಗುರುತು ಹಾಕಿ ಬಿಚ್ಚಿದೆವು. ಕ್ಲಚ್ ಕೇಬಲ್, ಸ್ಟಾರ್ಟರ್ ಮೋಟಾರ್ ಹೊರಬಂದವು. ಎಂಜಿನ್ ಅಡಿಗೆ ಮರದ ತುಂಡಿಟ್ಟು ಜ್ಯಾಕ್ ಕೊಟ್ಟು, ಇನ್ನೊಂದು ಜ್ಯಾಕ್ ಮೇಲೆ ಗೇರ್‌ಬಾಕ್ಸನ್ನು ಹಿಂದಕ್ಕೆ ಸರಿಸಿ ಇಳಿಸಿದೆವು. ಒಳಗಿನ ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸಲು ಅಣ್ಣ ಬಿಡಲಿಲ್ಲ. ಹಳೆಯ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆವು.

ಪ್ಲೇಟ್ ರಿವೆಟ್ ಕಾಣುವಷ್ಟು ಸವೆದು, ಉಳಿದ ಭಾಗ ಗಾಜಿನಂತೆ ನುಣುಪಾಗಿತ್ತು. ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಕಲೆ. ಅದನ್ನು ಹೊತ್ತುಕೊಂಡು ಒಂದು ಲೇತ್ ಅಂಗಡಿಗೆ ಹೋದೆವು. ಅಲ್ಲಿಯ ಅಜ್ಜ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1941ರಲ್ಲಿ ಹರಿಹರದಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಿಗೆ ಹೋಗಿವೆ. ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಆದವು. ಯಂತ್ರಾಪುರ ಎಂಬ ಹೆಸರು ಉಳಿದಿದೆ, ಅಜ್ಜನಂಥವರ ಕೈ ಉಳಿದಿದೆ. ‘ಈ ನೀಲಿ ಕಲೆ ಕಂಡ್ಯಾ ತಮ್ಮಾ? ಕಾದು ಗಟ್ಟಿಯಾಗೈತಿ. ಟೂಲ್ ಇದರ ಮ್ಯಾಲೆ ಬಂದಾಗ ಕುಣಿತೈತಿ, ಕಿವಿ ಕೊಟ್ಟು ಕೇಳು’ ಅಂದರು. ಕೇಳಿದೆ. ಪ್ರತಿ ಸುತ್ತಿಗೂ ಕಲೆ ಬಂದಾಗ ಟಿಕ್ ಎನ್ನುವ ಸದ್ದು! ಅದು ನಿಲ್ಲುವವರೆಗೆ ಕೂದಲೆಳೆಯಷ್ಟೇ ತೆಗೆಯುತ್ತಾ ಹೋದರು.

ನಾವು ಕ್ಲಾಸಿನಲ್ಲಿ ಕ್ಲಚ್ಚಿಗೆ ಎರಡು ಸೂತ್ರ ಓದುತ್ತೇವೆ: ಹೊಸ ಪ್ಲೇಟಿಗೆ ಸಮ ಒತ್ತಡ, ಬಳಸಿದ ಪ್ಲೇಟಿಗೆ ಸಮ ಸವೆತ. ಹೊರ ತ್ರಿಜ್ಯ 100 ಮಿ.ಮೀ., ಒಳ ತ್ರಿಜ್ಯ 65 ಮಿ.ಮೀ. ಎಂದಿಟ್ಟುಕೊಂಡರೆ ಮೊದಲನೆಯದರಲ್ಲಿ ಸರಾಸರಿ ಘರ್ಷಣಾ ತ್ರಿಜ್ಯ 83.7, ಎರಡನೆಯದರಲ್ಲಿ 82.5. ವ್ಯತ್ಯಾಸ ಶೇ 1.5ರಷ್ಟೂ ಇಲ್ಲ. ಇಷ್ಟಕ್ಕೇ ಗಾಡಿ ನಿಲ್ಲುವುದಿಲ್ಲ. ಅದೇ ಸೂತ್ರದಲ್ಲಿ ನಾವು ಪ್ರಶ್ನೆಪತ್ರಿಕೆಯಿಂದ ಸುಮ್ಮನೆ ಎತ್ತಿ ಬರೆಯುವ ಎರಡು ಅಂಕಿಗಳಿವೆ: ಘರ್ಷಣಾಂಕ ಮತ್ತು ಸ್ಪ್ರಿಂಗ್ ಒತ್ತುವ ಬಲ. ಗಾಡಿ ನಿಲ್ಲಿಸುವುದು ಅವು. ಪ್ಲೇಟ್ ಸುಟ್ಟು ನುಣುಪಾದಾಗ, ಎಣ್ಣೆ ತಾಗಿದಾಗ, ಸ್ಪ್ರಿಂಗ್ ಸೋತಾಗ ಅವು ಕುಸಿಯುತ್ತವೆ.

ಹೊಸ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ದಾವಣಗೆರೆಯಲ್ಲಿ ಸಿಕ್ಕವು. ಪ್ಲೇಟ್ ನಟ್ಟನಡುವೆ ಕೂರಲು ಅಜ್ಜ ಒಂದು ಮರದ ಗೂಟ ಕಡೆದುಕೊಟ್ಟರು. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆವು. ಐದನೆಯ ದಿನ ಸಂಜೆ ಮಿರ್ಚಿ ಮಂಡಕ್ಕಿ ತಿಂದು ಗಾಡಿ ಸ್ಟಾರ್ಟ್ ಮಾಡಿದೆವು. ಖರ್ಚು ಗ್ಯಾರೇಜಿನವರು ಹೇಳಿದ್ದರ ಅರ್ಧವೂ ಆಗಲಿಲ್ಲ. ಮಾವ ಗುಜರಿಯ ಮಾತು ಮತ್ತೆ ಎತ್ತಿಲ್ಲ. ಲೋ ರೇಂಜ್ ಹಾಕುವುದನ್ನೂ ಕಲಿತಿದ್ದಾರೆ.

ನಮ್ಮ ಬ್ಯಾಚಿನ ಬಹುಪಾಲು ಗೆಳೆಯರು ಕೋಡಿಂಗ್ ಕಲಿತು ಬೆಂಗಳೂರಿಗೆ ಹೋಗುವ ತಯಾರಿಯಲ್ಲಿದ್ದಾರೆ. ತಪ್ಪೇನಿಲ್ಲ, ನಾನೂ ಕಲಿಯುತ್ತಿದ್ದೇನೆ. ಆದರೆ ಇಂಟರ್‌ವ್ಯೂನಲ್ಲಿ ಯಾರಾದರೂ ಕ್ಲಚ್ ಬಗ್ಗೆ ಕೇಳಿದರೆ ಈಗ ನನ್ನ ಬಳಿ ಬಾಯಿಪಾಠವಲ್ಲದ ಉತ್ತರವಿದೆ. ಅಂಗಡಿಯಿಂದ ಹೊರಡುವಾಗ ಅಜ್ಜ, ‘ನನ್ನ ಮಕ್ಕಳ್ಯಾರೂ ಇದನ್ನ ಮುಟ್ಟಲಿಲ್ಲಪ್ಪಾ, ಭಾನುವಾರ ಬಿಡುವಾದ್ರೆ ಬಾ’ ಅಂದಿದ್ದರು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮೂರು ಭಾನುವಾರದಿಂದ ಹೋಗುತ್ತಿದ್ದೇನೆ, ಕಳೆದ ವಾರ ರೂಮ್‌ಮೇಟ್ ಕೂಡ ಬಂದ. ನಿಮ್ಮೂರಿನಲ್ಲೂ ಇಂಥ ಒಬ್ಬ ಅಜ್ಜ ಇರಬಹುದು, ಒಮ್ಮೆ ವಿಚಾರಿಸಿ ನೋಡಿ.