ರಾಮಾನುಜನ್ ಹೆಸರಿನ ಕ್ಷುದ್ರಗ್ರಹ: ಸಂಖ್ಯೆ ಸಿಗಲು ಕಾಯಬೇಕು, ಹೆಸರಿಗೆ ಇನ್ನೂ ಕಾಯಬೇಕು

ಬ್ಯಾಡಗಿ: ಮೆಣಸಿನಕಾಯಿ ಮಾರುಕಟ್ಟೆಯ ಪ್ರಾಂಗಣಕ್ಕೆ ಚೀಲಗಳು ಬಂದಿಳಿದ ಕೂಡಲೇ ಅವುಗಳಿಗೊಂದು ಲಾಟ್ ಸಂಖ್ಯೆ ಬೀಳುತ್ತದೆ. ಆಕಾಶದ ಲೆಕ್ಕ ಹಾಗಲ್ಲ. ಹೊಸ ಕ್ಷುದ್ರಗ್ರಹವೊಂದು ಕಣ್ಣಿಗೆ ಬಿದ್ದರೂ ಕಾಯಂ ಸಂಖ್ಯೆಗಾಗಿ ಅನೇಕ ವೇಳೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಹೆಸರು ಅದಕ್ಕೂ ನಂತರದ ಮಾತು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರು ಹೊತ್ತಿರುವ 4130ನೇ ಕ್ಷುದ್ರಗ್ರಹವೂ ಇದೇ ಹಾದಿಯಲ್ಲಿ ಬಂದುದು.

ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ತಮಿಳುನಾಡಿನ ಕಾವಲೂರಿನ ತನ್ನ ವೀಕ್ಷಣಾಲಯದಲ್ಲಿ 1987ರಲ್ಲಿ ‘ಕಲ್ಕಿ’ ಎಂಬ ಶೋಧ ಯೋಜನೆಯನ್ನು ಕೈಗೆತ್ತಿಕೊಂಡಿತು. ಆಕಾಶದ ವಿಶಾಲ ಭಾಗವನ್ನು ಒಮ್ಮೆಗೇ ಸೆರೆಹಿಡಿಯಬಲ್ಲ 48 ಸೆಂ.ಮೀ. ಶ್ಮಿಟ್ ದೂರದರ್ಶಕವೇ ಇದರ ಮುಖ್ಯ ಸಾಧನ. ದೂರದರ್ಶಕವು ನಕ್ಷತ್ರಗಳ ಚಲನೆಯನ್ನು ಅನುಸರಿಸುತ್ತಾ ದೀರ್ಘಕಾಲ ಚಿತ್ರ ತೆಗೆದಾಗ ನಕ್ಷತ್ರಗಳು ಚುಕ್ಕೆಗಳಾಗಿಯೇ ಉಳಿಯುತ್ತವೆ. ನಡುವೆ ಸರಿದಾಡುವ ಕ್ಷುದ್ರಗ್ರಹ ಮಾತ್ರ ಚಿಕ್ಕ ಗೆರೆಯಾಗಿ ಮೂಡುತ್ತದೆ. 1988ರ ಫೆಬ್ರುವರಿ 17ರಂದು ಆರ್. ರಾಜಮೋಹನ್ ಅವರ ತಂಡಕ್ಕೆ ಈ ಕ್ಷುದ್ರಗ್ರಹ ದೊರೆಯಿತು. ರಾಮಾನುಜನ್ ಜನ್ಮಶತಮಾನೋತ್ಸವ ನಡೆದು ಆಗ ಎರಡು ತಿಂಗಳೂ ಆಗಿರಲಿಲ್ಲ.

ಈ ಶೋಧಕ್ಕೆ ಇನ್ನೊಂದು ಮಹತ್ವವೂ ಇದೆ. ಮದರಾಸು ವೀಕ್ಷಣಾಲಯದಲ್ಲಿದ್ದ ನಾರ್ಮನ್ ಪಾಗ್ಸನ್ 1861ರಲ್ಲಿ ‘ಏಷಿಯಾ’ ಕ್ಷುದ್ರಗ್ರಹವನ್ನು, 1885ರಲ್ಲಿ ‘ವೆರಾ’ವನ್ನು ಪತ್ತೆ ಮಾಡಿದ್ದರು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಭಾರತದ ನೆಲದಿಂದ ಹೊಸ ಕ್ಷುದ್ರಗ್ರಹ ದೊರೆತಿರಲಿಲ್ಲ. ಬೆಂಗಳೂರಿನ ಸಂಸ್ಥೆಯ ಬೇರುಗಳು ಅದೇ ಮದರಾಸು ವೀಕ್ಷಣಾಲಯದಲ್ಲಿವೆ ಎಂಬುದು ಗಮನಾರ್ಹ.

ಹೊಸದಾಗಿ ಕಂಡ ಕಾಯಕ್ಕೆ ಮೊದಲು ಸಿಗುವುದು ತಾತ್ಕಾಲಿಕ ಗುರುತು. ಇದರದು ‘1988 ಡಿಕ್ಯೂ1’. ವರ್ಷವನ್ನು 24 ಅರ್ಧಮಾಸಗಳಾಗಿ ವಿಂಗಡಿಸಿ ಅಕ್ಷರ ನೀಡಲಾಗುತ್ತದೆ. ‘ಡಿ’ ಎಂದರೆ ಫೆಬ್ರುವರಿಯ ಉತ್ತರಾರ್ಧ. ‘ಕ್ಯೂ1’ ಎಂದರೆ ಆ ಅವಧಿಯಲ್ಲಿ ದಾಖಲಾದ 41ನೆಯದು. ನಂತರ ಮತ್ತೆ ಮತ್ತೆ ವೀಕ್ಷಿಸಿ ಕಕ್ಷೆ ಖಚಿತವಾದ ಮೇಲಷ್ಟೇ ಕಾಯಂ ಸಂಖ್ಯೆ. ಹೀಗಾಗಿ ಕ್ರಮ ತಲೆಕೆಳಗಾಗುವುದೂ ಉಂಟು. ಇದೇ ತಂಡ 1988ರ ಜನವರಿಯಲ್ಲಿಯೇ ಕಂಡ ಇನ್ನೊಂದು ಕ್ಷುದ್ರಗ್ರಹಕ್ಕೆ ಸಿಕ್ಕ ಸಂಖ್ಯೆ 8348. ಮೊದಲು ಕಂಡದ್ದು ಹಿಂದೆ ಉಳಿಯಿತು! ಸಂಸ್ಥೆಯ ನಿರ್ದೇಶಕರಾಗಿದ್ದ, 1977ರಲ್ಲಿ ಯುರೇನಸ್ ಉಂಗುರಗಳ ಸುಳಿವನ್ನು ಕಾವಲೂರಿನಲ್ಲಿ ದಾಖಲಿಸಿದ ಜೆ.ಸಿ. ಭಟ್ಟಾಚಾರ್ಯ ಅವರ ಹೆಸರು ಅದಕ್ಕಿದೆ.

ರಾಮಾನುಜನ್ ಇರುವುದು ಮಂಗಳ ಮತ್ತು ಗುರು ಗ್ರಹಗಳ ನಡುವಿನ ಮುಖ್ಯ ಪಟ್ಟಿಯಲ್ಲಿ. ಇಲ್ಲಿನ ಬಹುತೇಕ ಕಾಯಗಳು ಸೂರ್ಯನನ್ನು ಸುತ್ತಲು ಸುಮಾರು 3ರಿಂದ 6 ವರ್ಷ ತೆಗೆದುಕೊಳ್ಳುತ್ತವೆ. ಪಾಗ್ಸನ್ ಕಂಡ ‘ಏಷಿಯಾ’ದ ವ್ಯಾಸ ಸುಮಾರು 60 ಕಿ.ಮೀ.; ಹಾವೇರಿಯ ಮೇಲಿಟ್ಟರೆ ರಾಣೇಬೆನ್ನೂರು ದಾಟಿ ಹರಿಹರ ಮುಟ್ಟೀತು. ರಾಮಾನುಜನ್ ಅದಕ್ಕಿಂತ ಬಹಳ ಚಿಕ್ಕದು, ಬರಿಗಣ್ಣಿಗೆ ಕಾಣದು. ಪಟ್ಟಿಯ ಎಲ್ಲ ಕಾಯಗಳನ್ನೂ ಒಟ್ಟುಗೂಡಿಸಿದರೂ ಚಂದ್ರನ ದ್ರವ್ಯರಾಶಿಯ ಇಪ್ಪತ್ತನೇ ಒಂದು ಭಾಗವೂ ಆಗುವುದಿಲ್ಲ.

ಹೆಸರು ಸೂಚಿಸುವ ಹಕ್ಕು ಶೋಧಿಸಿದವರದು, ಒಪ್ಪಿಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿಯದು. ಹೆಸರು 16 ಅಕ್ಷರ ಮೀರುವಂತಿಲ್ಲ. ರಾಜಕಾರಣ ಅಥವಾ ಸೇನೆಯಿಂದ ಪ್ರಸಿದ್ಧರಾದವರ ಹೆಸರಿಡಲು ಅವರು ತೀರಿಕೊಂಡು 100 ವರ್ಷ ಕಳೆದಿರಬೇಕು. ಹಣ ಕೊಟ್ಟು ಹೆಸರು ಪಡೆಯಲು ಅವಕಾಶವೇ ಇಲ್ಲ. ಹುಟ್ಟುಹಬ್ಬಕ್ಕೆಂದು ನಕ್ಷತ್ರಕ್ಕೆ ಹೆಸರಿಟ್ಟು ಪ್ರಮಾಣಪತ್ರ ಕಳುಹಿಸುವ ಅಂತರ್ಜಾಲದ ವ್ಯಾಪಾರಿಗಳು ಕೇಳುವ ಸಾವಿರಾರು ರೂಪಾಯಿಗೆ ಸಿಗುವುದು ಆ ಕಾಗದವಷ್ಟೇ. ಅಂಥ ಯಾವ ಹೆಸರನ್ನೂ ಒಕ್ಕೂಟ ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ.